ಏಳು ಕೋಟಿ

ಭರತ ಹುಣ್ಣಿಮೆಯು ಸಮೀಪಿಸಿತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲವೂ ಮೈಲಾರದ ಕಡೆಗೆ ತಿರುಗುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಂದ ಹೊರಟ ಎತ್ತಿನ ಬಂಡಿಗಳೂ ಮೋಟಾರುಗಳೂ ಹಡಗಲಿಯ ನೆಲದಲ್ಲಿ ಒಂದುಗೂಡಿ, ತುಂಗಭದ್ರೆಯ ಸಮೀಪದ ಆ ಊರನ್ನು ಸೇರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಸಾಧಾರಣವಾದ ಹಳ್ಳಿಯಂತೆ ತೋರುವ ಆ ಸ್ಥಳದಲ್ಲಿ ಆಗ ಕಾಲಿಡಲು ಎಡೆಯಿರುವುದಿಲ್ಲ. ಕರಿಯ ಕಂಬಳಿಯನ್ನು ಹೊದ್ದು ಡಮರುಗವನ್ನು ಬಾರಿಸುವ ಗೊರವರು, ಹಣೆಗೆ ಭಂಡಾರವನ್ನು ಬಳಿದುಕೊಂಡ ಭಕ್ತರು, ಬುತ್ತಿಯ ಗಂಟುಗಳನ್ನು ಹೊತ್ತ ಹೆಂಗಸರು, ಹೆಗಲೇರಿದ ಮಕ್ಕಳು, ಇವರೆಲ್ಲರ ಬಾಯಿಂದಲೂ ಒಂದೇ ಉದ್ಘೋಷವು ಹೊರಡುತ್ತದೆ: “ಏಳು ಕೋಟಿ, ಏಳು ಕೋಟಿ!” ಮಣಿಮಲ್ಲಾಸುರರನ್ನು ಸಂಹರಿಸಲು ಹೊರಟ ಮೈಲಾರದೇವನ ಪರಿವಾರವು ಏಳು ಕೋಟಿ ಎಂದು ಐತಿಹ್ಯವುಂಟು. ಈ ಕನ್ನಡದ ಎಣಿಕೆಯು ಗಡಿಯನ್ನು ದಾಟಿ ಹೋಗಿ, ಮಹಾರಾಷ್ಟ್ರದ ಜೇಜುರಿಯ ಖಂಡೋಬನ ಗುಡ್ಡದ ಮೇಲೆ ಇಂದಿಗೂ ‘ಯೆಳಕೋಟ’ ಎಂದು ಮೊಳಗುತ್ತಿರುವುದು.

ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗನನ್ನು ಕರೆದುಕೊಂಡು ನಾನು ಆ ಜಾತ್ರೆಗೆ ಹೋಗಿದ್ದೆನು. ಹುಡುಗನಿಗೆ ಆಗ ಎಂಟು ವರ್ಷ. ಜನರ ಕೂಗನ್ನು ಸ್ವಲ್ಪ ಹೊತ್ತು ಕೇಳಿ ಅವನು, “ಅಜ್ಜಾ, ಏಳು ಕೋಟಿ ಅಂದ್ರ ಎಷ್ಟು?” ಎಂದು ಕೇಳಿದನು. “ಭಾಳ ದೊಡ್ಡದಪ್ಪಾ,” ಎಂದೆನು. ಅವನಿಗೆ ಆ ಉತ್ತರವು ಸಾಲಲಿಲ್ಲ. “ದೊಡ್ಡದು ಅಂದ್ರ ಹೆಂಗೈತಿ?” ಎಂದನು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಲೆಕ್ಕವನ್ನು ಕಲಿಸಿದ ನನಗೆ ಆ ಪ್ರಶ್ನೆಯು ನಾಚಿಕೆಯನ್ನುಂಟುಮಾಡಿತು. ಒಬ್ಬ ಮನುಷ್ಯನು ಹೇಗಿದ್ದಾನೆಂದು ಕೇಳಿದರೆ “ಎತ್ತರವಾಗಿದ್ದಾನೆ” ಎಂದಷ್ಟೇ ಹೇಳಿ ಸುಮ್ಮನಾಗುವವನು ಅವನನ್ನು ಕಂಡವನಲ್ಲ. ಏಳು ಕೋಟಿಯ ಹೆಸರನ್ನು ಬಾಲ್ಯದಿಂದಲೂ ಕೂಗಿದ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ದೊಡ್ಡದೊಂದು ಸಂಖ್ಯೆಯನ್ನು ಕಾಣುವುದೆಂದರೇನು? ಅದನ್ನು ಕಾಣುವುದರಿಂದ ಮನುಷ್ಯನ ನಡತೆಗೆ ಏನಾದರೂ ಲಾಭವುಂಟೆ? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಕೋಟಿಯೆಂಬುದು ಎಣಿಕೆಯ ಸ್ಥಾನಗಳಲ್ಲಿ ಎಂಟನೆಯದು. ನಮ್ಮ ನಾಡಿನ ಮಹಾವೀರಾಚಾರ್ಯನು ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಏಕ, ದಶ, ಶತಗಳಿಂದ ಮೊದಲ್ಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವನು ಹೆಸರು ಕೊಟ್ಟಿರುವನು. ಆ ಸಾಲಿನಲ್ಲಿ ಕೋಟಿಯು ಮೂರನೆಯ ಒಂದು ಪಾಲಿನಷ್ಟು ದೂರವನ್ನು ಮಾತ್ರ ನಡೆದಿರುವುದು. ದೊಡ್ಡತನವನ್ನೇ ನೋಡುವುದಾದರೆ ನಮ್ಮ ಏಳು ಕೋಟಿಯು ಅಷ್ಟೇನೂ ದೊಡ್ಡದಲ್ಲ. ಆದುದರಿಂದ ಅದರ ಗಾತ್ರವನ್ನು ಬಿಟ್ಟು ಗುಣವನ್ನು ನೋಡೋಣ.

ಸಂಖ್ಯೆಗಳಲ್ಲಿ ಕೆಲವು ತಮ್ಮನ್ನು ಬಿಟ್ಟು, ಒಂದನ್ನು ಬಿಟ್ಟು, ಮತ್ತಾವುದರಿಂದಲೂ ಶೇಷವಿಲ್ಲದೆ ಭಾಗವಾಗವು. 2, 3, 5, 7, 11 ಮುಂತಾದ ಇವುಗಳಿಗೆ ಅವಿಭಾಜ್ಯಗಳೆಂದು ಹೆಸರು. ಉಳಿದ ಸಂಖ್ಯೆಗಳೆಲ್ಲವೂ ಇವುಗಳ ಗುಣಾಕಾರದಿಂದ ಹುಟ್ಟಿದವು. ಮತ್ತು ಪ್ರತಿಯೊಂದು ಸಂಖ್ಯೆಯೂ ಹಾಗೆ ಹುಟ್ಟುವ ಬಗೆಯು ಒಂದೇ ಒಂದು. ಏಳು ಕೋಟಿಯನ್ನು ಬಿಡಿಸಿದರೆ ಏಳು ಎರಡುಗಳೂ ಏಳು ಐದುಗಳೂ ಒಂದು ಏಳೂ ದೊರೆಯುತ್ತವೆ. ಯಾರು ಬಿಡಿಸಿದರೂ, ಎಲ್ಲಿಂದ ಪ್ರಾರಂಭಿಸಿದರೂ, ಕಟ್ಟಕಡೆಗೆ ಕೈಯಲ್ಲಿ ಉಳಿಯುವುವು ಈ ಹದಿನೈದು ಕಾಳುಗಳೇ. ಇವುಗಳನ್ನು ಬೇರೆಬೇರೆಯಾಗಿ ಕೂಡಿಸಿ ಗುಣಿಸಿದರೆ ಏಳು ಕೋಟಿಯನ್ನು ಶೇಷವಿಲ್ಲದೆ ಭಾಗಿಸತಕ್ಕ ಸಂಖ್ಯೆಗಳೆಲ್ಲವೂ ದೊರೆಯುತ್ತವೆ. ಎರಡನ್ನು ಒಮ್ಮೆಯೂ ತೆಗೆದುಕೊಳ್ಳದಿರುವುದು ಮೊದಲಾಗಿ ಏಳು ಸಲ ತೆಗೆದುಕೊಳ್ಳುವವರೆಗೆ ಎಂಟು ಬಗೆ. ಐದಕ್ಕೂ ಹಾಗೆಯೇ ಎಂಟು ಬಗೆ. ಏಳನ್ನು ತೆಗೆದುಕೊಳ್ಳುವುದು, ಬಿಡುವುದು, ಎರಡು ಬಗೆ. ಒಟ್ಟು 128 ಭಾಜಕಗಳಾದುವು.

ಗ್ರೀಕರ ಕಾಲದಿಂದಲೂ ಗಣಿತಜ್ಞರು ಇನ್ನೊಂದು ಪರೀಕ್ಷೆಯನ್ನು ಮಾಡುತ್ತ ಬಂದಿರುವರು. ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಬೇಕು. ಮೊತ್ತವು ಆ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ. 6 ಮತ್ತು 28 ಅಂಥವು. ಮೊತ್ತವು ಕಡಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. ಏಳು ಕೋಟಿಯ ಇಂಥ ಮೊತ್ತವು 12,92,18,240. ಆದ್ದರಿಂದ ಅದು ಸಮೃದ್ಧ ಸಂಖ್ಯೆ; ತಾನು ಇರುವುದಕ್ಕಿಂತ ತನ್ನ ಭಾಗಗಳಲ್ಲಿಯೇ ಹೆಚ್ಚನ್ನು ಇಟ್ಟುಕೊಂಡಿರುವುದು. ಜಾತ್ರೆಯಲ್ಲಿ ಕೂಗುವವರು ಇದನ್ನು ಅರಿತು ಕೂಗಲಿಲ್ಲ. ಆದರೂ ಅವರು ಕೂಗಿದ ಸಂಖ್ಯೆಯು ಹಾಗಿರುವುದು.

ಇನ್ನೊಂದು ಗುಣವನ್ನು ಹೇಳುತ್ತೇನೆ. ನಾಸಿಕದ ಸಮೀಪದ ದೇವಳಾಲಿಯಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರನು (1905–1986) ತನ್ನ ಅಂಕಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟನು. ಹರ್ಷವನ್ನು ಕೊಡತಕ್ಕದ್ದು ಎಂದು ಅರ್ಥ. 7,00,00,000ದ ಅಂಕಗಳ ಮೊತ್ತವು ಏಳು. ಏಳರಿಂದ ಅದು ಭಾಗವಾಗುವುದು. ಆದುದರಿಂದ ಅದು ಹರ್ಷದವೂ ಆಯಿತು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಮೇಲೆ ಹೇಳಿದ ಗುಣಗಳೆಲ್ಲವೂ ಒಂದೇ ಜಾತಿಯವಲ್ಲ. ಹರ್ಷದವೆಂಬ ಗುಣವು ನಾವು ಹತ್ತು ಬೆರಳುಗಳನ್ನು ಹಿಡಿದು ಎಣಿಸಿ ಹತ್ತರ ಸ್ಥಾನಗಳಲ್ಲಿ ಬರೆಯುವುದರಿಂದ ಬಂದದ್ದು. ಹನ್ನೆರಡರ ಸ್ಥಾನಗಳಲ್ಲಿ ಬರೆಯುವ ಜನರಿದ್ದರೆ ಅವರ ಬರಹದಲ್ಲಿ ಅಂಕಗಳೇ ಬೇರೆ, ಮೊತ್ತವೇ ಬೇರೆ. ಅದು ಸಂಖ್ಯೆಯ ಉಡುಪಿಗೆ ಸೇರಿದ್ದು. ಮಹಾವೀರಾಚಾರ್ಯನು ಮಕ್ಕಳನ್ನೂ ವೃದ್ಧರನ್ನೂ ಏಕಪ್ರಕಾರವಾಗಿ ಸಂತೋಷಗೊಳಿಸುವ ಕಂಠಿಕೆಗಳನ್ನು, ಎಂದರೆ ಎರಡು ಕಡೆಯಿಂದಲೂ ಒಂದೇ ಆಗಿ ಓದಲ್ಪಡುವ ಹಾರದಂಥ ಸಂಖ್ಯೆಗಳನ್ನು, ಗುಣಾಕಾರದ ಲೆಕ್ಕಗಳಲ್ಲಿ ಕೊಟ್ಟಿರುವನು. 1,23,45,679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರವಾಗುವುದು. 14,28,57,143ನ್ನು 7ರಿಂದ ಗುಣಿಸಿದರೆ ನಡುವೆ ಎಂಟು ಸೊನ್ನೆಗಳು, ಎರಡು ತುದಿಗಳಲ್ಲಿ ಒಂದೊಂದು ಮಣಿ. 2,79,94,681ನ್ನು 441ರಿಂದ ಗುಣಿಸಿದರೆ 12345654321 ಎಂದು ಏರಿ ಇಳಿಯುವ ಹಾರವು ಕಾಣುವುದು. ಇವೂ ಸೊಗಸಾದ ಉಡುಪುಗಳೇ. ಆದರೆ ಏಳು ಕೋಟಿಯು ಏಳು ಎರಡು, ಏಳು ಐದು, ಒಂದು ಏಳುಗಳಿಂದ ಆಗಿರುವುದೂ, ಅದಕ್ಕೆ 128 ಭಾಜಕಗಳಿರುವುದೂ, ಅದು ಸಮೃದ್ಧವಾಗಿರುವುದೂ ಯಾವ ಬರವಣಿಗೆಯಲ್ಲಿಯೂ ಬದಲಾಗವು. ಕನ್ನಡದ ಅಂಕಿಗಳಲ್ಲಿ ಬರೆಯಿರಿ, ರೋಮಕರ ಅಕ್ಷರಗಳಲ್ಲಿ ಬರೆಯಿರಿ, ಹುಣಿಸೆಯ ಬೀಜಗಳನ್ನು ಸುರಿದು ಎಣಿಸಿರಿ, ಅವು ಹಾಗೆಯೇ ಇರುತ್ತವೆ. ಅವು ಸಂಖ್ಯೆಯ ಸ್ವರೂಪಕ್ಕೆ ಸೇರಿದವು. ವೇಷವಾವುದು, ಸ್ವರೂಪವಾವುದು ಎಂಬ ವಿವೇಕವನ್ನು ನಮ್ಮ ಹಿರಿಯರು ವೇದಾಂತದ ಮೊದಲನೆಯ ಮೆಟ್ಟಿಲೆಂದು ಹೇಳುತ್ತಿದ್ದರು. ಆ ಮೆಟ್ಟಿಲನ್ನು ಶಾಲೆಯ ಹಲಗೆಯ ಮೇಲೆಯೂ ಹತ್ತಬಹುದು.

ಈಗ ಒಂದು ಆಕ್ಷೇಪವು ಬರುವುದು. ಕೋಟ್ಯಂತರ ಜನರು ಭಕ್ತಿಯಿಂದ ಉಚ್ಚರಿಸುವ ಮಾತನ್ನು ಹೀಗೆ ಕಾಳುಕಾಳಾಗಿ ಒಡೆದು ನೋಡುವುದು ತರವೆ? ದೇವರ ಪರಿವಾರವನ್ನು ಭಾಜಕಗಳಿಗೆ ಇಳಿಸುವುದು ಅಪಚಾರವಲ್ಲವೆ?

ಮೈಲಾರದಲ್ಲಿಯೇ ಇದಕ್ಕೆ ಉತ್ತರವಿದೆ ಎಂದು ನನಗೆ ತೋರುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗಿದೊಡನೆ ಲಕ್ಷಗಟ್ಟಲೆಯ ಜನವು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅವನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಕಾರ್ಣಿಕದ ನುಡಿಯನ್ನು ರೈತನು ಮಳೆಗೆ ಹೊಂದಿಸಿಕೊಳ್ಳುತ್ತಾನೆ, ವ್ಯಾಪಾರಿಯು ಧಾರಣೆಗೆ, ರಾಜಕಾರಣಿಯು ತನ್ನ ಪಕ್ಷಕ್ಕೆ. ಕೇಳುವವನ ಮನಸ್ಸಿನಂತೆ ಅರ್ಥವನ್ನು ತಾಳುವುದು ಅಂಥ ನುಡಿಯ ಧರ್ಮವು, ಅದರಲ್ಲಿ ದೋಷವಿಲ್ಲ. ಸಂಖ್ಯೆಯ ಧರ್ಮವು ಬೇರೆ. ಅದು ಯಾರ ಮನಸ್ಸಿಗೂ ಹೊಂದಿಕೊಳ್ಳದು. ಹೊಂದಿಕೊಳ್ಳುವ ನುಡಿಯೊಂದು, ಹೊಂದಿಕೊಳ್ಳದ ನುಡಿಯೊಂದು, ಇವೆರಡೂ ಒಂದೇ ಬಯಲಿನಲ್ಲಿ ಮೊಳಗುತ್ತವೆ. ಒಂದು ಆಶೆಯನ್ನು ಕಾಪಾಡಿದರೆ ಇನ್ನೊಂದು ಸತ್ಯವನ್ನು ಕಾಪಾಡುವುದು. ಮೊದಲನೆಯದನ್ನು ಪೂಜಿಸಿದವನು ಎರಡನೆಯದನ್ನು ಪರೀಕ್ಷಿಸಿದರೆ ದೇವರಿಗೆ ಕೋಪ ಬರುವುದೆಂದು ನಂಬಲು ನನ್ನಿಂದಾಗದು.

ಸಂಖ್ಯೆಯು ಯಾರಿಗೂ ಮಣಿಯದೆಂಬುದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ಮಹಾವೀರಾಚಾರ್ಯನಷ್ಟು ದೊಡ್ಡವನು ನಮ್ಮಲ್ಲಿ ವಿರಳ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಆ ಕಾಲಕ್ಕೇ ಕಂಡವನು ಅವನು. ಅಂಥವನು ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಹಾಗೆಯೇ ಉಳಿಯುವುದೆಂದು ಬರೆದನು. ಅದು ತಪ್ಪು. ಶಿಷ್ಯಪರಂಪರೆಯ ಗೌರವವಾಗಲಿ, ಗ್ರಂಥದ ಪ್ರಾಚೀನತೆಯಾಗಲಿ ಅದನ್ನು ಸರಿಯನ್ನಾಗಿ ಮಾಡಲಾರದು. ಫ್ರಾನ್ಸಿನ ಫರ್ಮಾನು ಹದಿನೇಳನೆಯ ಶತಮಾನದ ಸಂಖ್ಯಾಶಾಸ್ತ್ರಕ್ಕೆ ಗುರುವಿನಂತಿದ್ದವನು. ಎರಡನ್ನು ಮೂವತ್ತೆರಡು ಸಲ ಗುಣಿಸಿ ಒಂದನ್ನು ಕೂಡಿಸಿದರೆ ಬರುವ 4,29,49,67,297 ಅವಿಭಾಜ್ಯವೆಂದು ಅವನು ನಂಬಿದ್ದನು. ಸುಮಾರು ತೊಂಬತ್ತು ವರ್ಷಗಳ ಮೇಲೆ, 1732ರಲ್ಲಿ, ಆಯ್ಲರನು ಅದು 641 ಮತ್ತು 67,00,417ಗಳ ಗುಣಲಬ್ಧವೆಂದು ತೋರಿಸಿದನು. ಕೊಟ್ಟೂರಿನ ಶಾಲೆಯ ಹುಡುಗನೊಬ್ಬನು ಈ ಎರಡನ್ನು ಗುಣಿಸಿ ನೋಡಲಿ. ಕಾಲು ಗಂಟೆಯೊಳಗೆ ಫರ್ಮಾನಿಗಿಂತ ಹೆಚ್ಚಿನದನ್ನು ತಿಳಿದವನಾಗುವನು.

ಇನ್ನೊಂದು ಕತೆಯು ಇದಕ್ಕಿಂತ ಸೊಗಸಾಗಿದೆ. ಎರಡನ್ನು ಅರುವತ್ತೇಳು ಸಲ ಗುಣಿಸಿ ಒಂದನ್ನು ಕಳೆದರೆ 147573952589676412927 ಬರುವುದು. ಮರ್ಸೆನ್ ಎಂಬ ಪಾದ್ರಿಯು 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದನು. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಕೋಲ್ ಎಂಬ ಪಂಡಿತನು ಎದ್ದುನಿಂತು, ಒಂದು ಮಾತನ್ನೂ ಆಡದೆ, ಹಲಗೆಯ ಒಂದು ಕಡೆಯಲ್ಲಿ ಈ ಸಂಖ್ಯೆಯನ್ನು ಲೆಕ್ಕಮಾಡಿ ಬರೆದನು. ಇನ್ನೊಂದು ಕಡೆಯಲ್ಲಿ 19,37,07,721ನ್ನೂ 7,61,83,82,57,287ನ್ನೂ ಕೈಯಾರೆ ಗುಣಿಸಿದನು. ಎರಡು ಕಡೆಗಳೂ ಒಂದಾದುವು. ಅವನು ಹಾಗೆಯೇ ಹೋಗಿ ಕುಳಿತನು. ಸಭೆಯು ಎದ್ದುನಿಂತು ಕರತಾಡನ ಮಾಡಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಕೇಳಿದವರಿಗೆ ಅವನು, ಮೂರು ವರ್ಷಗಳ ಭಾನುವಾರಗಳು ಎಂದು ಹೇಳಿದನೆಂದು ಪ್ರತೀತಿ. ವಾದವಿಲ್ಲ, ಅಲಂಕಾರವಿಲ್ಲ, ತನ್ನ ಬಿರುದುಗಳ ಪ್ರಸ್ತಾಪವಿಲ್ಲ. ಮಾಡಿದ್ದನ್ನು ತೋರಿಸಿದನು, ನೋಡಿದವರು ಒಪ್ಪಿದರು. ನಮ್ಮ ಸಭೆಗಳಲ್ಲಿ, ಪಂಚಾಯತಿಗಳಲ್ಲಿ, ಮನೆಯ ಜಗಲಿಗಳ ಮೇಲೆ ನಡೆಯುವ ವಾದಗಳು ಈ ಮರ್ಯಾದೆಯ ನೂರರಲ್ಲೊಂದು ಪಾಲನ್ನು ಕಲಿತರೆ ಎಷ್ಟು ಚೆನ್ನಾಗಿರುವುದು!

ಇಷ್ಟು ಶ್ರಮವು ಏತಕ್ಕೆ ಎಂದು ಕೇಳುವವರೂ ಉಂಟು. ಗುಣಿಸುವುದು ಸುಲಭ, ಗುಣಿಸಿದ್ದನ್ನು ಬಿಡಿಸುವುದು ಕಷ್ಟ. ನಮ್ಮ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಅಂಥದೊಂದು ಗುಣಲಬ್ಧವನ್ನು ಮಾತ್ರ ಕೈಗೆ ಕೊಟ್ಟು ಅದು ಯಾವುದರಿಂದ ಆಯಿತೆಂದು ಕೇಳಿದರೆ, ಕೈಲೆಕ್ಕದವನಿಗೆ ವರ್ಷಗಳೇ ಬೇಕಾದಾವು. ಬಹುಕಾಲ ಈ ಭೇದವು ನಿರುಪಯೋಗಿಯಾದ ಕುತೂಹಲವೆನ್ನಿಸಿಕೊಂಡಿತ್ತು. ರಾಮಾನುಜನ್ನರಿಗೆ ಆಶ್ರಯವಿತ್ತ ಹಾರ್ಡಿ ಪಂಡಿತನು 1940ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸಂಖ್ಯಾಶಾಸ್ತ್ರದಿಂದ ಯುದ್ಧಕ್ಕೆ ಉಪಯೋಗವಾಗುವುದೊಂದನ್ನೂ ಯಾರೂ ಕಂಡಿಲ್ಲವೆಂದು ಸಮಾಧಾನಪಟ್ಟುಕೊಂಡನು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇದೇ ಭೇದವನ್ನು ಬೀಗವನ್ನಾಗಿ ಮಾಡಿದರು: ಗುಣಲಬ್ಧವು ಎಲ್ಲರಿಗೂ ತಿಳಿದಿರಲಿ, ಅದರ ಅಪವರ್ತನಗಳು ಮಾತ್ರ ಒಡೆಯನಿಗೆ ತಿಳಿದಿರಲಿ. ಅವರು ಆಗ ಲೋಕಕ್ಕೆ ಪಂಥವಾಗಿ ಒಡ್ಡಿದ 129 ಅಂಕಗಳ ಸಂಖ್ಯೆಯನ್ನು 1994ರಲ್ಲಿ ಸುಮಾರು ಆರುನೂರು ಮಂದಿಯ ಗಣಕಯಂತ್ರಗಳು ಕೂಡಿ ಬಿಡಿಸಿದುವು. ಬೀಗಗಳನ್ನು ಅಂದಿನಿಂದ ಇನ್ನೂ ದೊಡ್ಡದಾಗಿ ಮಾಡಿರುವರು. ಸೈನ್ಯಗಳ ಗುಟ್ಟುಗಳಿಗೂ ಬ್ಯಾಂಕುಗಳ ವ್ಯವಹಾರಕ್ಕೂ ಇಂಥ ಬೀಗಗಳೇ ಕಾವಲಾದುವು. ಆದುದರಿಂದ ಯಾವ ಅರಿವು ಉಪಯುಕ್ತ, ಯಾವುದು ನಿರುಪಯುಕ್ತ ಎಂದು ಮುಂಚಿತವಾಗಿ ತೀರ್ಮಾನಿಸುವ ಅಧಿಕಾರವು ಹಾರ್ಡಿಯಂಥವನಿಗೂ ಇರಲಿಲ್ಲ. ನಮಗಂತೂ ಇಲ್ಲ.

ಆದರೆ ಸಂಖ್ಯೆಯ ಗುಣವನ್ನು ಅರಿಯುವುದು ಬೇರೆ, ಅದಕ್ಕೆ ಅರ್ಥವನ್ನು ಕಟ್ಟುವುದು ಬೇರೆ. ಈ ಎಚ್ಚರವನ್ನು ತಪ್ಪಿದವನು ಬೇಗನೆ ದಾರಿಗೆಡುವನು. ನಮ್ಮ ನೆಲದ ಹಳೆಯ ಶಾಸನಗಳು ನಾಡುಗಳ ಹೆಸರಿನ ಮುಂದೆ ಸಂಖ್ಯೆಗಳನ್ನು ಬರೆಯುತ್ತವೆ. ಇಂದು ಹಗರಿಬೊಮ್ಮನಹಳ್ಳಿ ತಾಲೂಕಿಗೆ ಸೇರಿದ ಕೋಗಳಿಯು ಒಂದು ಕಾಲದಲ್ಲಿ ಕೋಗಳಿ–500 ಎಂಬ ನಾಡಿಗೆ ಮುಖ್ಯಸ್ಥಳವಾಗಿದ್ದಿತು. ಆ ನಾಡು ನೊಳಂಬವಾಡಿ–32000ದೊಳಗಿನದು. ಈ ಅಂಕಿಗಳು ಹಳ್ಳಿಗಳ ಎಣಿಕೆಯೋ, ಆದಾಯದ ಪ್ರಮಾಣವೋ, ಮತ್ತೇನೋ ಎಂದು ವಿದ್ವಾಂಸರು ಚರ್ಚಿಸುತ್ತ ಬಂದಿರುವರು. ಈಗ 32000ವನ್ನು 500ರಿಂದ ಭಾಗಿಸಿ ನೋಡಿರಿ: ಶೇಷವಿಲ್ಲದೆ 64 ಬರುವುದು. ಅರುವತ್ತನಾಲ್ಕು! ಕಲೆಗಳು ಅರುವತ್ತನಾಲ್ಕು, ಚದುರಂಗದ ಮನೆಗಳು ಅರುವತ್ತನಾಲ್ಕು. ಇಷ್ಟು ಸಿಕ್ಕಿದರೆ ಸಾಕು, ನೊಳಂಬವಾಡಿಯನ್ನು ಅರುವತ್ತನಾಲ್ಕು ಸಮಭಾಗಗಳಾಗಿ ಹಂಚಿದ್ದರೆಂದು ಹೇಳುವವರು ಹುಟ್ಟಿಕೊಳ್ಳುವರು. ಹಾಗೆ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಸೊನ್ನೆಗಳಿಂದ ಮುಗಿಯುವ ಸಂಖ್ಯೆಗಳು ಒಂದನ್ನೊಂದು ಭಾಗಿಸುವುದು ಆಶ್ಚರ್ಯವಲ್ಲ. ಏಳು ಕೋಟಿಯಲ್ಲಿಯೂ ಏಳೆಂಬುದು ಮತ್ತೆಮತ್ತೆ ಕಾಣಿಸಿಕೊಂಡಿತಷ್ಟೆ. ಕೋಟಿಗೆ ಏಳು ಸೊನ್ನೆಗಳಿರುವುದೇ ಅದರ ಕಾರಣ. ಮಂತ್ರವನ್ನು ಹುಡುಕಬೇಕಾಗಿಲ್ಲ. ಸತ್ಯವು ಕೊಟ್ಟಷ್ಟನ್ನು ಪಡೆದು ಅಲ್ಲಿಗೆ ಕೈಮುಗಿದು ನಿಲ್ಲುವುದು ಜಾಣರ ಲಕ್ಷಣವು. ಶಾಸನದ 500 ಯಾವುದರ ಎಣಿಕೆಯೆಂಬುದು ಮಸುಕಾಯಿತು. ಆದರೆ 500ರ ಗುಣಗಳು ಕಲ್ಲು ಕೆತ್ತಿದ ದಿನದಲ್ಲಿ ಇದ್ದಂತೆಯೇ ಇಂದೂ ಇರುವುವು. ಮನುಷ್ಯರು ಮರೆಯುವುದು ತಾವು ಕೊಟ್ಟ ಅರ್ಥಗಳನ್ನು.

ಇನ್ನು ನಡತೆಯ ಮಾತು. ಅದನ್ನು ಹೇಳಬೇಕಾದರೆ ಆ ಜಾತ್ರೆಯ ದಿನಕ್ಕೆ ಹಿಂದಿರುಗಬೇಕು.

ಹುಡುಗನ ಪ್ರಶ್ನೆಗೆ ಉತ್ತರವನ್ನು ಹೇಳಲಾರದೆ ನಾನು ಯಾರೋ ಪರಿಚಿತರೊಡನೆ ಮಾತಿಗೆ ನಿಂತೆನು. ತಿರುಗಿ ನೋಡುವಷ್ಟರಲ್ಲಿ ಅವನು ಪಕ್ಕದಲ್ಲಿರಲಿಲ್ಲ. ಆ ಮುಂದಿನ ಎರಡು ಗಂಟೆಗಳನ್ನು ವರ್ಣಿಸಲಾರೆನು. ಜನಸಮುದ್ರವು ಮೊದಲಿನಂತೆಯೇ ಇದ್ದಿತು. ಲಕ್ಷಗಳಲ್ಲಿ ಒಂದು ಕಡಮೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಉದ್ಘೋಷದ ಧ್ವನಿಯು ಒಂದು ಎಳೆಯಷ್ಟೂ ಕುಗ್ಗಲಿಲ್ಲ. ನನಗೋ, ಆ ಇಡೀ ಬಯಲು ಬರಿದಾಗಿತ್ತು. ಕಟ್ಟಕಡೆಗೆ ಒಂದು ಮರದ ಬುಡದಲ್ಲಿ ಮುದುಕನಾದ ಗೊರವಯ್ಯನೊಬ್ಬನ ಎದುರಿಗೆ ಕುಳಿತು, ಅವನ ಡಮರುಗವನ್ನು ತಿರುಗಿಸಿ ನೋಡುತ್ತಿದ್ದ ಹುಡುಗನು ಸಿಕ್ಕಿದನು. ಗೊರವಯ್ಯನು ನನ್ನ ಮುಖವನ್ನು ನೋಡಿ, “ಒಂದು ಕಡಿಮಿ ಇತ್ತೇನ್ರೀ ಯಜಮಾನ್ರ? ಈಗ ಲೆಕ್ಕ ತುಂಬಿತು,” ಎಂದು ನಕ್ಕನು.

ಆ ರಾತ್ರಿ ಮನೆಗೆ ಬಂದಮೇಲೆ ನಿದ್ರೆ ಬರಲಿಲ್ಲ. ಆ ಮುದುಕನ ಮಾತು ಕಿವಿಯಲ್ಲಿಯೇ ಇದ್ದಿತು. ಕಾಗದವನ್ನು ತೆಗೆದುಕೊಂಡು ಏಳು ಕೋಟಿಯಲ್ಲಿ ಒಂದನ್ನು ಕಳೆದೆನು: 6,99,99,999. ಗಾತ್ರದಲ್ಲಿ ಏನು ವ್ಯತ್ಯಾಸವಾಯಿತು? ತೂಗಿದರೆ ತಕ್ಕಡಿಯು ಅಲುಗದು. ಆದರೆ ಗುಣದಲ್ಲಿ? ಎರಡು ಭಾಗಿಸುತ್ತಿತ್ತು, ಈಗ ಭಾಗಿಸದು. ಐದು ಭಾಗಿಸದು. ಏಳು ಭಾಗಿಸದು. ಏಳು ಕೋಟಿಯ 128 ಭಾಜಕಗಳಲ್ಲಿ ಒಂದನ್ನು ಬಿಟ್ಟು ಉಳಿದ 127 ಒಂದೇ ಕ್ಷಣದಲ್ಲಿ ಕೈಬಿಟ್ಟುವು. ಅಲ್ಲಿಯವರೆಗೆ ಹೊರಗಿದ್ದ ಮೂರು ಒಳಕ್ಕೆ ಬಂದಿತು. ಮೂರರಿಂದ ಭಾಗಿಸಿದರೆ 2,33,33,333. ಆಮೇಲೆ ಒಂದನ್ನು ಕೂಡಿಸಿ ನೋಡಿದೆನು: 7,00,00,001. ಮತ್ತೆ ಅದೇ ಕತೆ. ಹಳೆಯ ಭಾಜಕಗಳಲ್ಲಿ ಒಂದರ ಹೊರತು ಯಾವುದೂ ಸಲ್ಲದು. ಹೊಸ ಬಾಗಿಲನ್ನು ಹುಡುಕುತ್ತ ಹದಿಮೂರು ಅವಿಭಾಜ್ಯಗಳನ್ನು ತಟ್ಟಿದೆನು, ಒಂದೂ ತೆರೆಯಲಿಲ್ಲ. ಹದಿನಾಲ್ಕನೆಯದಾದ 43ರ ಬಳಿಗೆ ಬಂದಾಗ ತೆರೆಯಿತು: 43 ಮತ್ತು 16,27,907ಗಳ ಗುಣಲಬ್ಧವದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡನು ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಸಾಧಿಸಿದ್ದು ಇದೇ ತತ್ತ್ವದಿಂದ: ಇದ್ದವುಗಳನ್ನೆಲ್ಲ ಗುಣಿಸಿ ಒಂದನ್ನು ಕೂಡಿಸಿದರೆ, ಇದ್ದ ಯಾವುದೂ ಅದನ್ನು ಭಾಗಿಸಲಾರದು.

ಮಹಾಸಂಖ್ಯೆಯ ಗಾತ್ರಕ್ಕೆ ಒಂದೆಂಬುದು ಏನೂ ಅಲ್ಲ. ಅದರ ಸ್ವರೂಪಕ್ಕೆ ಒಂದೇ ಎಲ್ಲವೂ. ಆ ರಾತ್ರಿ ನಾನು ಕಂಡದ್ದು ಇಷ್ಟು.

ಇದನ್ನು ಅರಿಯದವರು ದೊಡ್ಡ ಎಣಿಕೆಗಳ ಮುಂದೆ ಕಠಿನರಾಗುವರು. 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಬಡಿದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆ ಸೀಮೆಯ ತಾಲೂಕುಗಳಾಗಿದ್ದುವು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು. ‘ಐದರಲ್ಲೊಂದು ಪಾಲು’ ಎಂದು ಬರೆಯುವುದಕ್ಕೆ ನನಗೆ ಒಂದು ಸಾಲು ಸಾಕಾಯಿತು. ಓದುವುದಕ್ಕೆ ನಿಮಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಐದು ಜನರ ಮನೆಯಲ್ಲಿ ಒಂದು ತಟ್ಟೆಯು ಖಾಲಿಯಾದರೆ ಆ ಮನೆಯು ಹೇಗಿದ್ದೀತು? ದೊಡ್ಡ ಅಂಕಿಯು ಈ ಪ್ರಶ್ನೆಯನ್ನು ಮುಚ್ಚಿಬಿಡುವುದು. ಕ್ಷಾಮದ ಲೆಕ್ಕಗಳನ್ನು ದೂರದ ಊರುಗಳಲ್ಲಿ ಕುಳಿತು ನೋಡಿದವರು ಅಂಕಿಗಳ ಗಾತ್ರವನ್ನು ನೋಡಿದರು. ಇಂದಿಗೂ ನಾವು ಯುದ್ಧದಲ್ಲಿ ಸತ್ತವರನ್ನೂ ನೆರೆಯಲ್ಲಿ ಮನೆ ಕಳೆದುಕೊಂಡವರನ್ನೂ ಪತ್ರಿಕೆಯಲ್ಲಿ ಓದುವಾಗ ಸಾವಿರವೋ ಹತ್ತು ಸಾವಿರವೋ ಎಂದು ಗಾತ್ರವನ್ನೇ ಅಳೆಯುತ್ತೇವೆ. ಸಾವಿರದ ಮೇಲೊಂದು ಎಂದರೆ ಹೆಚ್ಚೇನು ಎಂದುಕೊಳ್ಳುತ್ತೇವೆ. ಆ ಮೇಲಿನ ಒಂದು ಯಾವುದೋ ಮರದ ಬುಡದಲ್ಲಿ ಯಾರೋ ಹುಡುಕುತ್ತಿರುವ ಮಗುವಾಗಿರಬಹುದು.

ಗಣಿತವು ದಯೆಯನ್ನು ಕಲಿಸುವುದೆಂದು ನಾನು ಹೇಳಲಾರೆನು. ಕ್ಷಾಮದ ಲೆಕ್ಕವನ್ನು ಬರೆದವರಿಗೂ ಕೂಡುವುದು ಕಳೆಯುವುದು ಚೆನ್ನಾಗಿಯೇ ಬರುತ್ತಿತ್ತು. ಸಂಖ್ಯೆಗೆ ಕಣ್ಣೀರಿಲ್ಲ, ಒಂದನ್ನು ಕಳೆದಾಗ ಅದು ಅಳುವುದಿಲ್ಲ, ಬೇರೆಯಾಗುವುದು ಮಾತ್ರ. ಅಳುವುದು ನಮ್ಮ ಕೆಲಸ. ಆದರೆ “ಇಷ್ಟು ದೊಡ್ಡದರಲ್ಲಿ ಒಂದು ಹೋದರೇನು?” ಎಂದು ಹೇಳುವವನು ತನ್ನ ಕಠಿನತೆಗೆ ಲೆಕ್ಕವನ್ನು ಸಾಕ್ಷಿಯಾಗಿ ಕರೆಯುತ್ತಾನಷ್ಟೆ. ಆ ಸಾಕ್ಷಿಯು ಅವನ ಪಕ್ಷಕ್ಕೆ ನುಡಿಯದು ಎಂಬುದಿಷ್ಟನ್ನು ಏಳು ಕೋಟಿಯು ನನಗೆ ತೋರಿಸಿತು. ಸುಳ್ಳಿಗೆ ಸಾಕ್ಷಿ ನಿಲ್ಲದಿರುವುದು ಸಣ್ಣ ಉಪಕಾರವಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕೂಡಿಸಿಕೊಂಡು ಸ್ಲೇಟಿನ ಮೇಲೆ ಏಳು ಎರಡುಗಳನ್ನೂ ಏಳು ಐದುಗಳನ್ನೂ ಒಂದು ಏಳನ್ನೂ ಬರೆದು, “ಏಳು ಕೋಟಿ ಹಿಂಗೈತಿ ನೋಡಪ್ಪಾ,” ಎಂದೆನು. ಅವನು ಒಂದೊಂದನ್ನೂ ಬೆರಳಿಟ್ಟು ಎಣಿಸಿದನು. ಆಮೇಲೆ ಕಡೆಯ ಏಳನ್ನು ಕೈಯಿಂದ ಮುಚ್ಚಿ, “ಇದನ್ನ ತಗದ್ರ?” ಎಂದು ಕೇಳಿದನು.

“ಆಗ ಬರೇ ಕೋಟಿ. ಮೈಲಾರಕ್ಕ ಸಾಲೂದಿಲ್ಲ,” ಎಂದೆನು. ಅವನು ಕೈಯನ್ನು ತೆಗೆದನು.

ಈಗಲೂ ಪ್ರತಿವರ್ಷ ನಾವಿಬ್ಬರೂ ಜಾತ್ರೆಗೆ ಹೋಗುತ್ತೇವೆ. ಎಲ್ಲರೊಡನೆ ಕೂಗುತ್ತೇವೆ; ನಮ್ಮ ಧ್ವನಿಯು ಆ ಮಹಾಘೋಷದಲ್ಲಿ ಕೇಳಿಸುವುದಿಲ್ಲ. ಕೇಳಿಸದಿದ್ದರೂ ಅದು ಲೆಕ್ಕಕ್ಕೆ ಸೇರಿರುವುದೆಂದು ನಾನು ಬಲ್ಲೆನು.